ಗೆಲ್ಲುವಾಗಲೇ ನೀಲಿಯಾಗುವ ಕಂಪ್ಯೂಟರ್

ಮನೆಯಲ್ಲಿ ಮಿಕ್ಸಿ ಕೆಟ್ಟರೆ ಆ ದಿನ ಚಟ್ನಿ ಇಲ್ಲ, ಅಷ್ಟೆ. ಫ್ರಿಜ್ ಕೆಟ್ಟರೆ ತಂದ ಮೀನನ್ನೆಲ್ಲ ಅದೇ ದಿನ ತಿಂದು ಮುಗಿಸಬೇಕು, ಅದೂ ಒಂದು ರೀತಿಯಲ್ಲಿ ಲಾಭವೇ. ಇವು ಕೆಟ್ಟವೆಂದು ಮನೆಯ ಯಜಮಾನನ ನಡತೆಯ ಬಗ್ಗೆ ಯಾರೂ ಮಾತನಾಡುವುದಿಲ್ಲ. ‘ಅವನ ಫ್ರಿಜ್ ಕೆಟ್ಟಿದೆಯಂತೆ, ನನಗೆ ಮೊದಲೇ ಅವನ ಮೇಲೆ ಸಂಶಯ ಇತ್ತು’ ಎಂದು ಹೇಳಿದವರನ್ನು ನಾನಂತೂ ಕಂಡಿಲ್ಲ. ಆದರೆ ನನ್ನ ಕಂಪ್ಯೂಟರ್ ಕೆಟ್ಟಾಗ ನಾನು ಮೋಸಗಾರನೆಂಬ ಸುದ್ದಿ ಕುವೈಟಿನಿಂದ ಹೊರಟು, ಕಾವೂರಿಗೆ ಬಂದು, ಅಲ್ಲಿಂದ ನಮ್ಮ ಕುಟುಂಬದ ಗ್ರೂಪಿನ ಮೂಲಕ ಉಡುಪಿ, ಮುಂಬಯಿಗಳನ್ನೆಲ್ಲ ಸುತ್ತಿ ಉರ್ವದ ನನ್ನ ಮನೆಗೇ ವಾಪಸು ಬಂತು. ನನ್ನ ಸ್ವಂತ ಅಕ್ಕ ನನ್ನೊಡನೆ ಮಾತು ಬಿಟ್ಟಳು. ಇಷ್ಟಕ್ಕೂ ಕಾರಣ ಒಂದು ಹಳೆಯ ಡೆಸ್ಕ್‌ಟಾಪ್ ಮತ್ತು ಚೆಸ್ ಆಟ.

ನನಗೆ ಉರ್ವ ಮಾರ್ಕೆಟಿನ ಹತ್ತಿರ ಕನ್ನಡಕದ ಸಣ್ಣ ಅಂಗಡಿ ಇದೆ. ಮಧ್ಯಾಹ್ನ ಶಟರ್ ಎಳೆದು ಮನೆಗೆ ಬಂದರೆ ಪುನಃ ತೆರೆಯುವುದು ಬಿಸಿಲು ಇಳಿದ ಮೇಲೆ. ಈ ನಡುವಿನ ಹೊತ್ತಿನಲ್ಲಿ ಊಟ ಮತ್ತು ನಿದ್ದೆ ಎಂದು ಸರ್ಕಾರವೇ ಬರೆದುಕೊಟ್ಟಂತೆ ಬಹಳ ವರ್ಷ ನಡೆಸಿಕೊಂಡು ಬಂದೆ. ಆಮೇಲೆ ಶುಕ್ರವಾರದ ನಿದ್ದೆಯನ್ನು ಬಾವ ಕಿತ್ತುಕೊಂಡರು. ಬಾವ ಎಂದರೆ ಜಯಂತಿ ಅಕ್ಕನ ಗಂಡ. ಕುವೈಟಿನಲ್ಲಿ ಸ್ಟೋರ್ ಕೀಪರ್. ಶುಕ್ರವಾರ ಅವರಿಗೆ ರಜೆ. ಅಕ್ಕ ಕಾವೂರಿನ ಮನೆಯಲ್ಲಿದ್ದಾಳೆ. ನಮ್ಮ ಕಡೆ ಅಕ್ಕನ ಗಂಡ ನನಗೆ ಬಾವ, ನಾನೂ ಅವರಿಗೆ ಬಾವ. ಹೀಗೆ ಇಬ್ಬರು ಬಾವಂದಿರು ಸಮುದ್ರದ ಆಚೆ ಈಚೆ ಕೂತು, ಇಂಟರ್‌ನೆಟ್ಟಿನಲ್ಲಿ ಚೆಸ್ ಆಡುವ ಪದ್ಧತಿ ಶುರುವಾಯಿತು.

ಮಗಳು ಕಲಿಯುವಾಗ ತೆಗೆಸಿಕೊಟ್ಟ ಕಂಪ್ಯೂಟರ್ ಅದು. ಅವಳು ಮದುವೆಯಾಗಿ ಉಡುಪಿಗೆ ಹೋಗುವಾಗ ಬೇಕಾದದ್ದನ್ನೆಲ್ಲ ಒಯ್ದು, ಬೇಡವಾದ ಇದನ್ನು ಬಿಟ್ಟು ಹೋದಳು. ಚಕ್ರ ಇರುವ ಮೇಜು, ಕೆಳಗಿನ ಹಲಗೆಯ ಮೇಲೆ ಡಬ್ಬ, ಮೇಲೆ ಪರದೆ. ನಾನು ಅದರಲ್ಲಿ ಚೆಸ್ ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ನನ್ನ ಹೆಂಡತಿ ಸುಜಾತ ಮಾತ್ರ ಅಡುಗೆಯ ವಿಡಿಯೊ ಹಾಕಿಕೊಂಡು, ಅವರು ಹೇಳಿದ್ದಕ್ಕೆಲ್ಲ ‘ಇದು ತಪ್ಪು’ ಎನ್ನುತ್ತಾ ನೋಡುತ್ತಿದ್ದಳು.

ಮೊದಲ ಸಲ ಆದದ್ದು ಹೀಗೆ. ಬಾವನ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ. ನನ್ನ ಆನೆ ಒಂದೇ ಹೆಜ್ಜೆ ಇಟ್ಟರೆ ಮುಗಿಯಿತು. ಹೆಜ್ಜೆ ಇಡುವ ಮೊದಲು ಒಂದು ಕ್ಷಣ ಆ ಸುಖವನ್ನು ಅನುಭವಿಸೋಣವೆಂದು ಕೂತೆ. ಅಷ್ಟರಲ್ಲಿ ಪರದೆ ಪೂರ್ತಿ ನೀಲಿಯಾಯಿತು. ಆ ನೀಲಿಯಲ್ಲಿ ಅಡ್ಡಬಿದ್ದ ಒಂದು ಬೇಸರದ ಮುಖ, ಕೆಳಗೆ ಏನೋ ತೊಂದರೆಯಾಗಿದೆ ಎಂಬ ಇಂಗ್ಲಿಷ್ ಒಕ್ಕಣೆ. ತೊಂದರೆಯಾದದ್ದು ನನಗೆ, ಮುಖ ಸಣ್ಣ ಮಾಡಿಕೊಂಡದ್ದು ಅದು! ಕಂಪ್ಯೂಟರ್ ತಾನಾಗಿ ಆರಿ, ತಾನಾಗಿ ಹೊತ್ತಿ, ಆಕಳಿಸಿ ಏಳುವಷ್ಟರಲ್ಲಿ ನನ್ನ ಗಡಿಯಾರದ ಸಮಯ ಮುಗಿದಿತ್ತು. ‘ನೀವು ಸೋತಿದ್ದೀರಿ’ ಎಂದು ಬಂತು. ಹಿಂದೆಯೇ ಬಾವನ ಸಂದೇಶ: ‘ಎಂತ ಬಾವ, ಓಡಿದ್ದಾ?’

ಒಂದು ಸಲ ಆದರೆ ಯಾರಾದರೂ ಬಿಡುತ್ತಾರೆ. ಮರು ಶುಕ್ರವಾರವೂ ಹಾಗೆಯೇ ಆಯಿತು. ಅದರ ಮರು ಶುಕ್ರವಾರವೂ. ಆಗ ನನ್ನೊಳಗೆ ಒಬ್ಬ ಪತ್ತೇದಾರ ಎಚ್ಚೆತ್ತ. ನಿಜ ಹೇಳುತ್ತೇನೆ, ಸೋತ ದುಃಖಕ್ಕಿಂತ ಈ ಪತ್ತೆ ಕೆಲಸದ ಉತ್ಸಾಹವೇ ನನಗೆ ಹೆಚ್ಚಾಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ಯಾರ ಮೇಲೆ ಸಂಶಯ ಪಡಬಹುದು ಎಂದು ಯೋಚಿಸುವುದರಲ್ಲಿ ಎಂಥ ಲವಲವಿಕೆ ಇದೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಮೊದಲ ಸಂಶಯ ಸುಜಾತಳ ಗ್ರೈಂಡರಿನ ಮೇಲೆ. ಅದು ತಿರುಗಲು ಶುರುವಾದರೆ ನಮ್ಮ ಟ್ಯೂಬ್‌ಲೈಟ್ ಒಮ್ಮೆ ಕಣ್ಣು ಮಿಟುಕಿಸುತ್ತದೆ. ಹಾಗಿದ್ದಮೇಲೆ ಕಂಪ್ಯೂಟರಿಗೆ ತಲೆ ತಿರುಗುವುದರಲ್ಲಿ ಆಶ್ಚರ್ಯವೇನು? ಪ್ರಯೋಗ ಮಾಡಿಯೇ ನೋಡೋಣವೆಂದೆ.

“ಪ್ರಯೋಗಕ್ಕೆ ಬರೀ ನೀರು ಹಾಕಿ ತಿರುಗಿಸ್ಲಿಕ್ಕೆ ಆಗ್ತದಾ? ತೆಂಗಿನಕಾಯಿ ತನ್ನಿ, ಕೋಳಿ ಸಹ ತನ್ನಿ” ಎಂದಳು.

ಎರಡನ್ನೂ ತಂದುಕೊಟ್ಟೆ. ಅವಳು ಕೋಳಿ ಗಸಿಗೆ ಮಸಾಲೆ ಅರೆದಳು. ಗ್ರೈಂಡರ್ ಗುಡುಗುಡು ಎಂದಿತು, ಟ್ಯೂಬ್‌ಲೈಟ್ ಕಣ್ಣು ಮಿಟುಕಿಸಿತು, ನಾನು ಪರದೆಯನ್ನೇ ನೋಡುತ್ತಾ ಕೂತೆ. ಕಂಪ್ಯೂಟರ್ ಜಪ್ಪಯ್ಯ ಎನ್ನಲಿಲ್ಲ. ಗಸಿ ಮಾತ್ರ ಬಹಳ ಚೆನ್ನಾಗಿತ್ತು. “ಇನ್ನೊಮ್ಮೆ ಪ್ರಯೋಗ ಮಾಡುವನಾ?” ಎಂದು ಸುಜಾತಳೇ ಕೇಳಿದಳು.

ಎರಡನೆಯ ಸಂಶಯ ವೈರಸ್. ಮಗಳಿಗೆ ಫೋನ್ ಮಾಡಿದೆ. ಅವಳು ಉಡುಪಿಯಲ್ಲಿ ಕೂತು “ಅಲ್ಲಿ ಒತ್ತಿ ಪಪ್ಪ, ಅಲ್ಲ ಅದರ ಪಕ್ಕದ್ದು, ಪಪ್ಪ ನೀವು ಎಂತ ಒತ್ತಿದ್ರಿ?” ಎಂದು ಕೇಳುತ್ತಾ ಅಂತೂ ತಪಾಸಣೆ ಶುರು ಮಾಡಿಸಿದಳು. ಒಂದು ಹಸಿರು ಗೆರೆ ಬಸವನ ಹುಳದಂತೆ ಇಡೀ ದಿನ ತೆವಳಿತು. ಕೊನೆಗೆ ‘ಯಾವ ಅಪಾಯವೂ ಇಲ್ಲ’ ಎಂದಿತು. ಆರೋಗ್ಯವಾಗಿದ್ದೀರಿ ಎಂದು ಡಾಕ್ಟರು ಹೇಳಿದಾಗ ಕೆಲವರಿಗೆ ನಿರಾಸೆಯಾಗುತ್ತದಲ್ಲ, ನನಗೆ ಹಾಗಾಯಿತು.

ಅಂಗಡಿಗೆ ಬರುವ ಗಿರಾಕಿಗಳ ಹತ್ತಿರವೂ ಈ ವಿಷಯ ಹೇಳತೊಡಗಿದೆ. ಕನ್ನಡಕ ಹಾಕಿ ಗೋಡೆಯ ಅಕ್ಷರ ಓದಿಸುವ ನಡುವೆ ನಾನು ಕಂಪ್ಯೂಟರ್ ಸುದ್ದಿ ಎತ್ತುತ್ತಿದ್ದೆ. ಒಬ್ಬರು ಡಬ್ಬವನ್ನು ಮಲಗಿಸಿ ಇಡಬೇಕೆಂದರು. ಇನ್ನೊಬ್ಬರು, ಮಲಗಿಸಿಟ್ಟದ್ದರಿಂದಲೇ ತಮ್ಮದು ಹಾಳಾಯಿತೆಂದರು. ಸುರತ್ಕಲ್ಲಿನ ಒಬ್ಬ ಮೇಷ್ಟ್ರು ಮನೆಯ ಕರೆಂಟಿನ ಅರ್ತಿಂಗ್ ಸರಿ ಇಲ್ಲವೆಂದು ಹೇಳಿ, ಅರ್ತಿಂಗಿನ ಬಗ್ಗೆ ಎಷ್ಟು ವಿವರವಾಗಿ ಮಾತನಾಡಿದರೆಂದರೆ, ತಮ್ಮ ಕನ್ನಡಕವನ್ನು ನನ್ನ ಅಂಗಡಿಯಲ್ಲೇ ಮರೆತು ಹೋದರು. ಎಲ್ಲರಿಗೂ ಒಂದೊಂದು ಔಷಧಿ ಗೊತ್ತಿತ್ತು. ನಾನು ಎಲ್ಲವನ್ನೂ ಕೇಳಿ, ಮನೆಗೆ ಓಡಿಹೋಗಿ ಮಾಡಿ ನೋಡುತ್ತಿದ್ದೆ.

ಮೂರನೆಯದು ಬಿಸಿ. ಸೆಕೆಗೆ ಮನುಷ್ಯರೇ ಕುಸಿಯುವಾಗ ಯಂತ್ರ ಕುಸಿಯದೆ ಇರುತ್ತದೆಯೇ? ಡಬ್ಬದ ಪಕ್ಕದ ತಗಡು ಬಿಚ್ಚಿದೆ. ಬಿಚ್ಚಿದವನೇ ಕೂಗಿಕೊಂಡೆ. “ಸುಜಾತ, ಓಡಿ ಬಾ! ಸಿಕ್ಕಿತು!” ಒಳಗೆ ಬೆಕ್ಕಿನ ಮರಿಯಷ್ಟು ದೊಡ್ಡ ಧೂಳಿನ ಉಂಡೆ, ಅದರ ಮರೆಯಲ್ಲಿ ಹಲ್ಲಿಯ ಮೊಟ್ಟೆಯ ಚಿಪ್ಪುಗಳು. ಯಾವುದೋ ಹಲ್ಲಿ ನನ್ನ ಕಂಪ್ಯೂಟರಿನ ಬೆಚ್ಚಗಿನ ಮೂಲೆಯನ್ನು ಬಾಣಂತಿ ಕೋಣೆ ಮಾಡಿಕೊಂಡು, ಮಕ್ಕಳನ್ನು ದೊಡ್ಡ ಮಾಡಿ, ಖಾಲಿ ಮಾಡಿ ಹೋಗಿತ್ತು. ನಾನು ಆ ಚಿಪ್ಪುಗಳ ಫೋಟೊ ತೆಗೆದು ಬಾವನಿಗೆ ಕಳಿಸಿದೆ: ‘ಅಪರಾಧಿ ಸಿಕ್ಕಿದ್ದಾನೆ. ಶುಕ್ರವಾರ ತಯಾರಿರಿ.’ ಧೂಳು ಊದಿ, ಟೇಬಲ್ ಫ್ಯಾನು ಇಟ್ಟು, ಶುಕ್ರವಾರ ಆಡಲು ಕೂತೆ. ಗೆಲ್ಲಲು ಮೂರೇ ನಡೆ ಬಾಕಿ ಇರುವಾಗ ಪರದೆ ನೀಲಿಯಾಯಿತು. ‘ಇವತ್ತು ಹಲ್ಲಿಯಾ, ಓತಿಕ್ಯಾತವಾ?’ ಎಂದು ಬಾವ ಬರೆದರು.

ಕೊನೆಗೆ ರಿಪೇರಿಯ ದಿನೇಶನನ್ನು ಕರೆಸಿದೆ. ಒಳ್ಳೆಯ ಮಾತುಗಾರ. ಕೆಲಸ ಮಾಡುವಾಗ ಕೈಗಿಂತ ಬಾಯಿ ಮುಂದೆ. “ಇದು ಕಡಲಿನ ಗಾಳಿ ಸರ್. ಉಪ್ಪು. ರ್‍ಯಾಮಿನ ಕಾಲಿಗೆ ತುಕ್ಕು ಹಿಡೀತದೆ” ಎಂದು ಹೇಳಿ ಒಳಗಿನ ಒಂದು ಉದ್ದ ಪಟ್ಟಿಯನ್ನು ಕಿತ್ತು, ಶಾಲೆಯ ಮಕ್ಕಳ ರಬ್ಬರಿನಿಂದ ಅದರ ಅಂಚು ಉಜ್ಜಿ, ಪುನಃ ಒತ್ತಿ ಕೂರಿಸಿದ. ಆದರೂ ಇರಲಿ ಎಂದು ಡಬ್ಬವನ್ನು ಸ್ಕೂಟರಿನಲ್ಲಿ ತನ್ನ ಅಂಗಡಿಗೆ ಒಯ್ದು ಹಗಲಿಡೀ ಓಡಿಸಿದ. ಅದರಲ್ಲಿ ಸಿನಿಮಾ ನೋಡಿದನಂತೆ, ಹಾಡು ಕೇಳಿದನಂತೆ. “ಎಂತ ಸಹ ಆಗ್ಲಿಲ್ಲ ಸರ್. ಕುದುರೆ ಹಾಗೆ ಓಡ್ತಾ ಉಂಟು” ಎಂದು ತಂದಿಟ್ಟ. ನನ್ನ ಮನೆಯಲ್ಲಿ ಸುಜಾತ ಗಂಟೆಗಟ್ಟಲೆ ಅಡುಗೆ ವಿಡಿಯೊ ನೋಡಿದರೂ ಏನೂ ಆಗಲಿಲ್ಲ. ನಾನು ಬಾವನೊಡನೆ ಆಡಿ ಸೋಲುವ ದಿನವೂ ಅದು ಕಲ್ಲಿನಂತೆ ಗಟ್ಟಿಯಾಗಿರುತ್ತಿತ್ತು. ನಾನು ಗೆಲ್ಲುವ ಹೊತ್ತಿಗೆ ಮಾತ್ರ ಬೀಳುತ್ತಿತ್ತು.

ಈ ಕೊನೆಯ ವಾಕ್ಯ ನನ್ನ ತಲೆಯೊಳಗೆ ಹೊಕ್ಕದ್ದೇ ತಪ್ಪಾಯಿತು. ನಾನು ಗೆಲ್ಲುವಾಗ ಮಾತ್ರ ಕೆಡುತ್ತದೆ ಎಂದಾದರೆ, ನಾನು ಗೆದ್ದರೆ ನಷ್ಟ ಯಾರಿಗೆ? ಫೋನ್ ಎತ್ತಿ ಕೇಳಿಯೇ ಬಿಟ್ಟೆ. “ಬಾವ, ನೀವು ಅಲ್ಲಿಂದ ಏನಾದ್ರೂ ಮಾಡ್ತಾ ಇದ್ದೀರಾ?”

ಬಾವ ನಿಧಾನವಾಗಿ ಹೇಳಿದರು. “ನಾನು ತಮಾಷೆ ಮಾಡ್ತಾ ಇದ್ದೆ ಬಾವ. ನೀನು ನಿಜವಾಗಿ ಹೇಳ್ತಾ ಇದ್ದಿ. ಹಾಗಾದ್ರೆ ನಾನೂ ನಿಜ ಹೇಳ್ತೇನೆ. ಸೋಲು ಹತ್ತಿರ ಬಂದ ಕೂಡ್ಲೇ ಪ್ಲಗ್ ತೆಗೆಯುವವ ನೀನೇ.”

“ಗೆಲ್ತಾ ಇದ್ದದ್ದು ನಾನು!”

“ಅದು ನೀನು ಹೇಳುವುದು.”

ಫೋನ್ ಇಟ್ಟರು. ಸಂಜೆಯೊಳಗೆ ಕುಟುಂಬದ ಗ್ರೂಪಿನಲ್ಲಿ ನನಗೆ ‘ಪ್ಲಗ್ ಬಾವ’ ಎಂದು ಹೆಸರಾಗಿತ್ತು. ಹೆಸರಿಟ್ಟದ್ದು ಯಾರೆಂದು ಗೊತ್ತಿಲ್ಲ, ನಗುವ ಮುಖಗಳನ್ನು ಹಾಕಿದವರು ಮಾತ್ರ ಎಲ್ಲರೂ. ನಾನು ಕೋಪದಲ್ಲಿ ಗ್ರೂಪ್ ಬಿಟ್ಟೆ. ಮಾರ್ಕೆಟಿಗೆ ಬಂದಾಗಲೆಲ್ಲ ನಮ್ಮಲ್ಲಿ ಚಾ ಕುಡಿದು ಹೋಗುವ ಅಕ್ಕ ಬರುವುದು ನಿಂತಿತು. ಫೋನ್ ಮಾಡಿದರೆ ಸುಜಾತಳಿಗೆ ಮಾಡುತ್ತಿದ್ದಳು. ಒಮ್ಮೆ ನಾನೇ ಎತ್ತಿದಾಗ “ಸುಜಾತ ಇಲ್ವಾ?” ಎಂದು ಕೇಳಿ, ಇಲ್ಲ ಎಂದದ್ದಕ್ಕೆ ಇಟ್ಟುಬಿಟ್ಟಳು. ಚಿಕ್ಕವನಿದ್ದಾಗ ಶಾಲೆಗೆ ಕೈ ಹಿಡಿದು ಕರೆದುಕೊಂಡು ಹೋದವಳು ಆಕೆ. ಈಗ ನನ್ನ ದನಿ ಕೇಳಿ ಫೋನ್ ಇಡುತ್ತಾಳೆ. ಅಂದು ಅಂಗಡಿಯಲ್ಲಿ ಒಬ್ಬರಿಗೆ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿ ಕೊಟ್ಟೆ. ಪತ್ತೇದಾರಿಯ ಹುಮ್ಮಸ್ಸು ಎಲ್ಲಿ ಹೋಯಿತೋ.

ದಾರಿ ತೋರಿಸಿದವಳು ಸುಜಾತ. “ನೋಡಿ, ನೀವು ಪ್ಲಗ್ ತೆಗೀಲಿಲ್ಲ ಅಂತ ನನಗೆ ಗೊತ್ತುಂಟು. ಆದ್ರೆ ನಾನು ಹೇಳಿದ್ರೆ ಯಾರು ನಂಬ್ತಾರೆ? ಅಕ್ಕನನ್ನೇ ಕರೆದು ಕೂರಿಸುವ. ಅವರ ಎದುರು ಆಡಿ.” ನನಗೆ ಇದು ಬಹಳ ಸರಿ ಕಂಡಿತು. ಅಕ್ಕ ಈ ಕಡೆ ತಮ್ಮನಿಗೂ ಬೇಕು, ಆ ಕಡೆ ಗಂಡನಿಗೂ ಬೇಕು. ಅವಳಷ್ಟು ಒಳ್ಳೆಯ ಅಂಪೈರ್ ಎಲ್ಲಿ ಸಿಗುತ್ತಾರೆ? ಸುಜಾತಳೇ ಮಾತನಾಡಿ ಎರಡೂ ಕಡೆಯವರನ್ನು ಒಪ್ಪಿಸಿದಳು.

ಶುಕ್ರವಾರ ಅಕ್ಕ ಕಾವೂರಿನಿಂದ ಬಸ್ಸಿನಲ್ಲಿ ಬಂದಳು. ಕೈಯಲ್ಲಿ ತನ್ನ ಹಿತ್ತಲಿನ ಬಸಳೆಯ ದೊಡ್ಡ ಕಟ್ಟು. ಕೋಪ ಎಷ್ಟಿದ್ದರೂ ತಮ್ಮನ ಮನೆಗೆ ಬರಿಗೈಯಲ್ಲಿ ಬರುವವಳಲ್ಲ. ನನ್ನ ಮುಖ ನೋಡದೆ “ಎಲ್ಲಿ ಕೂರುವುದು?” ಎಂದು ಗೋಡೆಯನ್ನು ಕೇಳಿದಳು. ಕುರ್ಚಿ ಕೊಟ್ಟರೆ ಬೇಡವೆಂದಳು. “ನೀವು ಗಂಡಸರು ಒಂದು ಕುದುರೆ ಎತ್ತಿ ಇಡ್ಲಿಕ್ಕೆ ಅರ್ಧ ಗಂಟೆ ಮಾಡ್ತೀರಿ. ಅಷ್ಟರಲ್ಲಿ ಬಸಳೆ ಆದ್ರೂ ಆಗ್ತದೆ” ಎಂದು ಮೆಟ್ಟುಕತ್ತಿ ತರಿಸಿಕೊಂಡು, ಕಂಪ್ಯೂಟರಿನ ಪಕ್ಕದಲ್ಲೇ ನೆಲದಲ್ಲಿ ಕೂತು ದಂಟು ಕತ್ತರಿಸತೊಡಗಿದಳು. ಅವಳ ಫೋನನ್ನು ಕಿಟಕಿಗೆ ಒರಗಿಸಿ ವಿಡಿಯೊ ಕಾಲ್ ಹಾಕಿಟ್ಟೆವು. ನನ್ನ ಎರಡೂ ಕೈ, ಗೋಡೆಯ ಪ್ಲಗ್, ಎರಡೂ ಬಾವನಿಗೆ ಕಾಣಬೇಕೆಂಬುದು ಷರತ್ತು.

ಆಟ ಶುರುವಾಯಿತು. ಮೊದಲು ನನಗೆ ಕಷ್ಟವೇ ಆಯಿತು. ಒಂದು ಒಂಟೆ ಹೋಯಿತು, ಎರಡು ಕಾಲಾಳು ಹೋದವು. ಕಂಪ್ಯೂಟರ್ ಮಾತ್ರ ಶಾಂತವಾಗಿತ್ತು. ಆಮೇಲೆ ಬಾವ ಆತುರಪಟ್ಟು ಮಂತ್ರಿಯನ್ನು ದೂರ ಕಳಿಸಿದರು. ಅವರ ರಾಜನ ಎದುರಿನ ಬಾಗಿಲು ತೆರೆದುಕೊಂಡಿತು. ನನಗೆ ಕಂಡಿತು! ಕುದುರೆ ಇಲ್ಲಿ, ಆನೆ ಅಲ್ಲಿ, ಆಮೇಲೆ ರಾಜನಿಗೆ ಹೋಗಲು ಜಾಗವೇ ಇಲ್ಲ. ಕುದುರೆ ಇಟ್ಟೆ. ಬಾವ ತಲೆ ಕೆರೆದುಕೊಳ್ಳುವುದು ಫೋನಿನಲ್ಲಿ ಕಾಣುತ್ತಿತ್ತು.

ಅಷ್ಟರಲ್ಲಿ ನೆಲದಿಂದ ಅಕ್ಕನ ಕೂಗು ಕೇಳಿಸಿತು. “ಏ ರಘು! ಕಾಲು ನಿಲ್ಸು!”

ಅದೇ ಕ್ಷಣ ಪರದೆ ನೀಲಿಯಾಯಿತು.

“ನೋಡಿದ್ಯಾ ಅಕ್ಕ? ನೋಡಿದ್ರಾ ಬಾವ? ನನ್ನ ಕೈ ಇಲ್ಲಿ ಉಂಟು, ಪ್ಲಗ್ ಅಲ್ಲಿ ಉಂಟು!” ಎಂದು ನಾನು ಎರಡೂ ಕೈ ಮೇಲೆತ್ತಿ ಕೂಗಿದೆ. ಬಾವ ಫೋನಿನಲ್ಲಿ ಬಾಯಿ ತೆರೆದು ಕೂತಿದ್ದರು. ಅಕ್ಕ ಮಾತ್ರ ನಮ್ಮ ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಸಳೆಯ ದಂಟಿನಿಂದಲೇ ಮೇಜಿನ ಕೆಳಗೆ ತೋರಿಸಿದಳು.

“ಕೈ ಅಲ್ಲ ಮಾರಾಯ, ಕಾಲು. ಆಗಿನಿಂದ ಸುಮ್ಮನೆ ಇದ್ದಿ. ಈಗ ಆ ಕುದುರೆ ಇಟ್ಟ ಕೂಡ್ಲೇ ಶುರು ಮಾಡಿದ್ದಿ. ಆ ಡಬ್ಬ ಇಡೀ ಕುಣೀತಾ ಇತ್ತು. ಸಣ್ಣದಿರುವಾಗ ಸಹ ಹೀಗೇ. ಖುಷಿಯಾದ್ರೆ ಮಂಚ ಅಲ್ಲಾಡ್ತಿತ್ತು, ಅಮ್ಮ ಎಷ್ಟು ಬೈದ್ರೂ ಬಿಡ್ಲಿಲ್ಲ.”

ನಾನು ಬಗ್ಗಿ ನೋಡಿದೆ. ನನ್ನ ಬಲಗಾಲಿನ ಹೆಬ್ಬೆರಳು ಕೆಳಗಿನ ಹಲಗೆಯ ಮೇಲಿತ್ತು. ಅದರ ಪಕ್ಕದಲ್ಲೇ ಡಬ್ಬ. ಮೇಜಿಗೆ ಚಕ್ರ ಬೇರೆ. ನಾನು ಕಾಲು ಕುಣಿಸುತ್ತೇನೆಂಬುದೇ ನನಗೆ ಗೊತ್ತಿರಲಿಲ್ಲ!

ಆಮೇಲೆ ನಡೆದದ್ದನ್ನು ಹೇಗೆ ವರ್ಣಿಸಲಿ? ಕಂಪ್ಯೂಟರ್ ಎದ್ದು ಬರುವುದನ್ನೇ ಕಾದು, ನಾನು ಬೇಕೆಂದೇ ಹಲಗೆಯ ಮೇಲೆ ಕಾಲಿಟ್ಟು ಜೋರಾಗಿ ಕುಣಿಸಿದೆ. ನೀಲಿ! “ಬಿತ್ತು!” ಎಂದು ಎಲ್ಲರೂ ಕೂಗಿದೆವು. “ಏಳಿ, ನಾನೊಮ್ಮೆ ನೋಡ್ತೇನೆ” ಎಂದು ಸುಜಾತ ಸೀರೆ ಎತ್ತಿ ಕಟ್ಟಿ ಕುರ್ಚಿಯಲ್ಲಿ ಕೂತಳು. ಅವಳು ಕುಣಿಸಿದಾಗಲೂ ನೀಲಿ! “ಬಿಡು ಸುಜಾತ, ನನಗೆ ಕೊಡು” ಎಂದು ಅಕ್ಕ ಬಸಳೆ ಬಿಟ್ಟು ಎದ್ದಳು. ವಾರಗಟ್ಟಲೆ ಮಾತು ಬಿಟ್ಟಿದ್ದ ಅಕ್ಕ ನನ್ನ ಹೆಗಲು ಹಿಡಿದುಕೊಂಡು, ಹೊಲಿಗೆ ಮೆಷಿನ್ ತುಳಿಯುವವಳಂತೆ ಗಂಭೀರವಾಗಿ ಕಾಲು ಕುಣಿಸಿದಳು. ಮೊದಲು ಏನೂ ಆಗಲಿಲ್ಲ. “ಖುಷಿ ಸಾಕಾಗ್ಲಿಲ್ಲ, ಸ್ವಲ್ಪ ಜೋರು!” ಎಂದು ಕುವೈಟಿನಿಂದ ಬಾವ ಕಿರುಚಿದರು. ಜೋರು ಮಾಡಿದಳು. ನೀಲಿ! ನಾವು ಮೂವರೂ ಚಪ್ಪಾಳೆ ತಟ್ಟಿದೆವು. ಕೆಟ್ಟುಹೋದ ಯಂತ್ರವನ್ನು ಪುನಃ ಪುನಃ ಕೆಡಿಸಿ ಇಷ್ಟು ಸಂಭ್ರಮಪಟ್ಟ ಮನೆ ಇನ್ನೊಂದು ಇರಲಿಕ್ಕಿಲ್ಲ. ಆ ಬೇಸರದ ಮುಖ ಬಂದಾಗಲೆಲ್ಲ ನಮ್ಮ ಮುಖ ಅರಳುತ್ತಿತ್ತು.

ನಗು ನಿಂತಮೇಲೆ ಬಾವ ಫೋನಿನಲ್ಲಿ ಗಂಟಲು ಸರಿಮಾಡಿಕೊಂಡರು. “ಬಾವ, ನಾನು ಹಾಗೆ ಹೇಳ್ಬಾರ್ದಿತ್ತು.”

“ಮೊದಲು ಹೇಳಿದ್ದು ನಾನೇ ಬಾವ” ಎಂದೆ. ಅಕ್ಕ ಕಣ್ಣೊರೆಸಿಕೊಂಡು, ಅದು ನಕ್ಕು ಬಂದ ನೀರೆಂಬಂತೆ ಬಸಳೆಯ ಹತ್ತಿರ ಹೋಗಿ ಕೂತಳು. ಬಾವ ಆ ದಿನವೇ ನನ್ನನ್ನು ಗ್ರೂಪಿಗೆ ಸೇರಿಸಿ, ‘ಬಾವ ಪ್ಲಗ್ ತೆಗೆದದ್ದಲ್ಲ. ನಾನು ಕಣ್ಣಾರೆ ಕಂಡಿದ್ದೇನೆ’ ಎಂದು ಎಲ್ಲರಿಗೂ ತಿಳಿಯುವಂತೆ ಬರೆದರು. ‘ಪ್ಲಗ್ ಬಾವ’ ಎಂಬ ಹೆಸರು ಹೋಯಿತು. ‘ಡ್ಯಾನ್ಸ್ ಬಾವ’ ಎಂದಾಯಿತು.

ದಿನೇಶ ಬಂದು ಪುನಃ ಬಿಚ್ಚಿದಾಗ ಕಾರಣ ಪೂರ್ತಿ ತಿಳಿಯಿತು. ಆ ಉದ್ದ ಪಟ್ಟಿಯನ್ನು ಎರಡೂ ಬದಿಯಿಂದ ಹಿಡಿದುಕೊಳ್ಳುವ ಪ್ಲಾಸ್ಟಿಕ್ಕಿನ ಕಿವಿಗಳಲ್ಲಿ ಒಂದು ಬುಡದಲ್ಲಿ ಸೀಳಿತ್ತು. ನೋಡಲು ಗಟ್ಟಿಯಾಗಿಯೇ ಇತ್ತು, ಅಲುಗಾಡಿದರೆ ಹಿಡಿತ ಬಿಡುತ್ತಿತ್ತು. “ನನ್ನ ಅಂಗಡಿಯಲ್ಲಿ ಯಾರು ಸರ್ ಕುಣಿಸುವುದು? ಅಲ್ಲಿ ಖುಷಿ ಆಗುವಂಥದ್ದು ಎಂತ ಸಹ ಇಲ್ಲ” ಎಂದು ನಕ್ಕ. ಪಟ್ಟಿಯನ್ನು ಪಕ್ಕದ ಗಟ್ಟಿ ಕಿವಿಯ ಸಂದಿಗೆ ಕೂರಿಸಿ, ಡಬ್ಬವನ್ನು ಮೇಜಿನಿಂದ ತೆಗೆದು ಬೇರೆ ಸ್ಟೂಲಿನ ಮೇಲಿಟ್ಟ. ನಾನು ಇಡೀ ಮೈ ಕುಣಿಸಿದರೂ ಕಂಪ್ಯೂಟರ್ ಅಲುಗಲಿಲ್ಲ.

ಇನ್ನು ನನ್ನನ್ನು ಯಾರು ತಡೆಯುತ್ತಾರೆ? ಮರು ಶುಕ್ರವಾರ ಎದೆಯುಬ್ಬಿಸಿ ಕೂತೆ. ಬಾವ ಒಂದೇ ಒಂದು ಕೋರಿಕೆ ಮುಂದಿಟ್ಟರು. “ವಿಡಿಯೊ ಕಾಲ್ ಇವತ್ತೂ ಇರ್ಲಿ ಬಾವ, ತಲೆಯಿಂದ ಕಾಲಿನವರೆಗೆ ಕಾಣುವ ಹಾಗೆ ಫೋನು ಇಡು. ಪುನಃ ಏನಾದ್ರೂ ಆದ್ರೆ ಗೊತ್ತಾಗ್ಬೇಕಲ್ಲ.” ನ್ಯಾಯವಾದ ಮಾತು. ಇಟ್ಟೆವು. ಆಟದ ನಡುವೆ ನಾನೊಂದು ಒಳ್ಳೆಯ ಬಲೆ ಬೀಸಿದೆ. ನನ್ನ ಕುದುರೆಯನ್ನು ಅನಾಥನಂತೆ ನಡುವಿನಲ್ಲಿ ಬಿಟ್ಟೆ. ಬಾವ ಅದನ್ನು ತಿಂದರೆ ಎರಡೇ ನಡೆಯಲ್ಲಿ ಅವರ ಕತೆ ಮುಗಿಯಿತು. ಅವರ ಆನೆ ಕುದುರೆಯ ಕಡೆಗೆ ಮೂಸುತ್ತಾ ನಿಂತಿತ್ತು. ತಿನ್ನಿ ಬಾವ, ತಿನ್ನಿ! ಬಾವ ತಿನ್ನಲಿಲ್ಲ. ಬಹಳ ಹೊತ್ತು ಯೋಚಿಸಿ, ನನ್ನ ಬಲೆಯ ಗಂಟು ಎಲ್ಲಿತ್ತೋ ಅಲ್ಲಿಗೇ ಒಂಟೆಯನ್ನು ತಂದಿಟ್ಟರು. ಕಂಪ್ಯೂಟರ್ ಸ್ವಲ್ಪವೂ ಕೆಡದೆ, ನಾನು ಸೋಲುವುದನ್ನು ಕೊನೆಯ ನಡೆಯವರೆಗೆ ಬಹಳ ಸ್ಪಷ್ಟವಾಗಿ ತೋರಿಸಿತು.

“ಅದು ಬಲೆ ಅಂತ ನಿಮಗೆ ಹೇಗೆ ಗೊತ್ತಾಯ್ತು?” ಎಂದು ಕೇಳಿದೆ.

“ನನಗೆಂತ ಗೊತ್ತು ಬಾವ? ನಿನ್ನ ಕಾಲು ಕುಣೀಲಿಕ್ಕೆ ಶುರುವಾಯ್ತು. ಏನೋ ಉಂಟು ಅಂತ ಹುಡುಕಿದೆ.”

ಆ ದಿನದಿಂದ ನಾನು ಗೆದ್ದಿಲ್ಲ. ಒಳ್ಳೆಯ ಯೋಚನೆ ಹೊಳೆದರೆ ಕಾಲು ಕುವೈಟಿಗೆ ಸುದ್ದಿ ಮುಟ್ಟಿಸುತ್ತದೆ. ನಿಲ್ಲಿಸಲು ನೋಡಿದರೆ ಯೋಚನೆಯೇ ನಿಂತುಹೋಗುತ್ತದೆ. ಕೊನೆಗೆ ಒಂದು ಉಪಾಯ ಮಾಡಿದೆ. ಏನೂ ಇಲ್ಲದಾಗಲೂ ಬೇಕೆಂದೇ ಕಾಲು ಕುಣಿಸಿ ಬಾವನನ್ನು ಹೆದರಿಸುವುದು. ಬಾವ ಹೆದರಲೇ ಇಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸುಜಾತ ಪಿಸುಗುಟ್ಟಿದಳು. “ಇದು ಸುಳ್ಳು ಅಂತ ಎಲ್ಲರಿಗೂ ಗೊತ್ತಾಗ್ತದೆ ಮಾರಾಯ್ರೆ. ನಿಜವಾಗಿ ಕುಣಿಸುವಾಗ ನಿಮ್ಮ ನಾಲಿಗೆಯ ತುದಿ ಸಹ ಹೊರಗೆ ಬರ್ತದೆ.”

ಮುಂದಿನ ಆಟದಲ್ಲಿ ಕಾಲನ್ನೂ ಕುಣಿಸಿ, ನಾಲಿಗೆಯನ್ನೂ ಸರಿಯಾದ ಅಳತೆಗೆ ಹೊರಗಿಟ್ಟುಕೊಂಡು ಕೂತೆ. ಎರಡನ್ನೂ ಒಟ್ಟಿಗೆ ನೋಡಿಕೊಳ್ಳುವ ಗಡಿಬಿಡಿಯಲ್ಲಿ ಮಂತ್ರಿಯನ್ನು ಬಾವನ ಕಾಲಾಳು ತಿಂದುಕೊಂಡು ಹೋಯಿತು.